ಕೈಯ ಅಂದಾಜು ಅಂಕಿಯಾದ ಕಥೆ

ಕೋಲಾರದ ಬಸ್ಸಿನಲ್ಲಿ ಬಂದು ಟಿನ್ ಫ್ಯಾಕ್ಟರಿಯಲ್ಲಿ ಇಳಿಯುವ ನಮಗೆ ತಗಡು ಬಾಗುವುದೇ ಬೇರೆ, ಬಟ್ಟೆ ಬಾಗುವುದೇ ಬೇರೆ ಎಂದು ಯಾರೂ ಹೇಳಬೇಕಿಲ್ಲ. ಹೊಲಿಯುವ ಮೊದಲೇ ಉಡುಪನ್ನು ಪರದೆಯಲ್ಲಿ ತೋರಿಸುವ ಸಾಫ್ಟ್‌ವೇರಿಗೆ ಮಾತ್ರ ಅದನ್ನು ಅಂಕಿಯಲ್ಲಿ ಹೇಳಬೇಕು.

1930ರಲ್ಲಿ ಇಂಗ್ಲೆಂಡಿನ ಪಿಯರ್ಸ್, ಬಟ್ಟೆಯ ಪಟ್ಟಿಯನ್ನು ಅಂಚಿನಿಂದಾಚೆ ಚಾಚಿ ಎಷ್ಟು ಉದ್ದಕ್ಕೆ ಜೋತುಬೀಳುತ್ತದೆಂದು ಅಳೆಯುವ ಕ್ರಮ ತಿಳಿಸಿದರು. 1970ರ ದಶಕದಲ್ಲಿ ಜಪಾನಿನ ಕವಬಾಟ, ಬಟ್ಟೆ ಬಾಗುವುದು, ಹಿಗ್ಗುವುದು, ಅದರ ನುಣುಪು ಎಲ್ಲವನ್ನೂ ಅಳೆಯುವ ಯಂತ್ರಗಳನ್ನು ರೂಪಿಸಿದರು. 1998ರಲ್ಲಿ ಅಮೆರಿಕದ ಬರಾಫ್ ಮತ್ತು ವಿಟ್ಕಿನ್, ಬಟ್ಟೆಯ ಚಲನೆಯನ್ನು ಕಂಪ್ಯೂಟರ್ ಬೇಗ ಲೆಕ್ಕಹಾಕುವ ದಾರಿ ತೋರಿಸಿದರು.

ಈಗ ಬಿಗಿತದ ಅಂಕಿ ಏರಿಸಿದರೆ ಪರದೆಯ ಬಟ್ಟೆ ಗಂಜಿ ಹಾಕಿದ ಸೀರೆಯಂತೆ ನಿಲ್ಲುತ್ತದೆ. ಇಳಿಸಿದರೆ ಮೈಸೂರು ರೇಷ್ಮೆಯಂತೆ ಇಳಿಬೀಳುತ್ತದೆ. ಇದರಿಂದ ಸ್ಯಾಂಪಲ್ ಹೊಲಿಯುವ ಕೆಲಸ ಕಡಿಮೆಯಾಗಬಹುದು. ಆದರೆ ಅಂಕಿ ಸರಿಯೇ ಎಂದು ಹೇಳಲು ಬಟ್ಟೆ ಮುಟ್ಟಿ ಬಲ್ಲ ಕೈಯೇ ಬೇಕು. ಹೊಲಿಗೆ ಬಲ್ಲ ನಮ್ಮೂರ ಹೆಣ್ಣುಮಕ್ಕಳಿಗೆ ಈ ಸಾಫ್ಟ್‌ವೇರನ್ನೂ ಕಲಿಸಬೇಕು ಎನ್ನುತ್ತೇವೆ ನಾವು.