ಜೀವಕೋಶ: ಮೊದಲು ಕಂಡವರು, ಮೊದಲು ನಂಬಿದವರು

ಸಕಲ ಜೀವಿಗಳೂ ಕೋಶಗಳಿಂದಾಗಿವೆ ಎಂಬುದು ಇಂದು ಶಾಲಾ ಬಾಲಕರೂ ಬಲ್ಲ ಸಂಗತಿ. ಆದರೆ ಹದಿನೇಳನೆಯ ಶತಮಾನದಲ್ಲಿ ಬರಿಗಣ್ಣಿಗೆ ನಿಲುಕದ ಲೋಕವೊಂದನ್ನು ಕಂಡವರಿಗೆ, ಕಾಣುವುದಕ್ಕಿಂತಲೂ ಕಂಡದ್ದನ್ನು ಇತರರು ನಂಬುವಂತೆ ಮಾಡುವುದೇ ಕಷ್ಟವಾಗಿತ್ತು.

ಕೋಶಕ್ಕೆ ಆ ಹೆಸರು ದೊರೆತದ್ದು 1665ರಲ್ಲಿ. ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಯೋಗಗಳ ಹೊಣೆ ಹೊತ್ತಿದ್ದ ರಾಬರ್ಟ್ ಹುಕ್ (1635-1703) ಆ ವರ್ಷ 'ಮೈಕ್ರೋಗ್ರಾಫಿಯಾ' ಎಂಬ ಸಚಿತ್ರ ಗ್ರಂಥವನ್ನು ಹೊರತಂದರು. ಬಾಟಲಿಯ ಬಿರಡೆಗೆ ಬಳಸುವ ಕಾರ್ಕ್‌ನ ಅತಿ ತೆಳುವಾದ ಪದರವನ್ನು ಹರಿತವಾದ ಚಾಕುವಿನಿಂದ ಸೀಳಿ, ಕಪ್ಪು ತಟ್ಟೆಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವರಿಗೆ ಜೇನುಗೂಡಿನಂತಹ ಪುಟ್ಟ ಕೋಣೆಗಳು ಗೋಚರಿಸಿದವು. ಅವುಗಳನ್ನು ಅವರು 'ಸೆಲ್' ಎಂದು ಕರೆದರು. ಕಿರುಕೋಣೆ ಎಂಬರ್ಥದ ಲ್ಯಾಟಿನ್ ಪದವೇ ಇದರ ಮೂಲ. ಒಂದು ಅಂಗುಲದ ಉದ್ದದಲ್ಲಿ ಇಂತಹ ಸಾವಿರಕ್ಕೂ ಹೆಚ್ಚು ಕೋಣೆಗಳಿರುವುದನ್ನು ಅವರು ಲೆಕ್ಕಹಾಕಿದರು. ಕಾರ್ಕ್ ಹಗುರವಾಗಿರುವುದೇಕೆ, ನೀರಿನಲ್ಲಿ ತೇಲುವುದೇಕೆ ಎಂಬುದಕ್ಕೆ ಇದರಿಂದ ಉತ್ತರ ದೊರೆಯಿತು.

ಆದರೆ ಹುಕ್ ಕಂಡದ್ದು ಮೃತ ಅಂಗಾಂಶದಲ್ಲಿ ಉಳಿದಿದ್ದ ಗೋಡೆಗಳನ್ನು ಮಾತ್ರ. ಹಸಿರು ಸಸ್ಯಗಳ ಕೋಣೆಗಳಲ್ಲಿ ರಸ ತುಂಬಿರುವುದನ್ನು ಅವರು ಗಮನಿಸಿದರಾದರೂ, ಜೀವದ ಮೂಲ ಘಟಕವೇ ಇದೆಂಬ ಕಲ್ಪನೆ ಅವರಿಗಿರಲಿಲ್ಲ.

ಬಟ್ಟೆ ವ್ಯಾಪಾರಿಯ ಕಣ್ಣು

ಜೀವಂತ ಏಕಕೋಶಿಗಳನ್ನು ಕಂಡು ವರ್ಣಿಸಿದ ಕೀರ್ತಿ ಹಾಲೆಂಡಿನ ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೀವೆನ್‌ಹಾಕ್ (1632-1723) ಅವರಿಗೆ ಸಲ್ಲುತ್ತದೆ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದ, ಡಚ್ ಹೊರತು ಬೇರೆ ಭಾಷೆ ಬಾರದ ಇವರು ಒಂದೇ ಪುಟ್ಟ ಮಸೂರದ ಸೂಕ್ಷ್ಮದರ್ಶಕಗಳನ್ನು ಸ್ವತಃ ತಯಾರಿಸುತ್ತಿದ್ದರು. ಈಗ ಉಳಿದಿರುವ ಅವರ ಉಪಕರಣಗಳಲ್ಲೊಂದು ವಸ್ತುವನ್ನು ಸುಮಾರು 270 ಪಟ್ಟು ಹಿಗ್ಗಿಸಿ ತೋರಿಸಬಲ್ಲದು.

1674ರಲ್ಲಿ ಕೆರೆಯ ನೀರಿನಲ್ಲಿ ಚಲಿಸುವ ಕಿರುಜೀವಿಗಳನ್ನು ಅವರು ಗುರುತಿಸಿದರು. ಮೆಣಸಿನ ಖಾರಕ್ಕೆ ಕಾರಣವೇನೆಂದು ಅರಿಯಲು ಕಾಳುಮೆಣಸನ್ನು ನೀರಿನಲ್ಲಿ ನೆನೆಹಾಕಿ ನೋಡಿದಾಗ ಅಲ್ಲಿಯೂ ಅಸಂಖ್ಯ ಜೀವಿಗಳು ಕಂಡವು. 1676ರ ಅಕ್ಟೋಬರ್‌ನಲ್ಲಿ ಈ ವಿವರಗಳನ್ನು ರಾಯಲ್ ಸೊಸೈಟಿಗೆ ಬರೆದು ಕಳುಹಿಸಿದರು.

ವಿದ್ವಾಂಸರು ಸುಲಭವಾಗಿ ನಂಬಲಿಲ್ಲ. ಲೀವೆನ್‌ಹಾಕ್ ಪಾದ್ರಿಗಳೂ ಸೇರಿದಂತೆ ಪ್ರತ್ಯಕ್ಷ ನೋಡಿದವರ ಹೇಳಿಕೆಗಳನ್ನು ಕಳುಹಿಸಿಕೊಟ್ಟರು. ಆದರೆ ತಮ್ಮ ಅತ್ಯುತ್ತಮ ಮಸೂರಗಳ ತಯಾರಿಕೆಯ ಗುಟ್ಟನ್ನು ಬಿಟ್ಟುಕೊಡಲಿಲ್ಲ. ಪರೀಕ್ಷೆಯ ಭಾರ ಹುಕ್ ಅವರ ಮೇಲೆ ಬಿತ್ತು. ಮೊದಲ ಯತ್ನಗಳು ವಿಫಲವಾದವು. 1677ರ ನವೆಂಬರ್ 15ರಂದು, ಮೆಣಸಿನ ನೀರನ್ನು ಅತಿ ಸಣ್ಣ ಗಾಜಿನ ಕೊಳವೆಯಲ್ಲಿ ತುಂಬಿ ನೋಡಿದಾಗ ಜೀವಿಗಳ ಚಲನೆ ಸದಸ್ಯರೆದುರೇ ಸ್ಪಷ್ಟವಾಯಿತು. 1680ರಲ್ಲಿ ಸೊಸೈಟಿ ಆ ವ್ಯಾಪಾರಿಯನ್ನು ತನ್ನ ಸದಸ್ಯರನ್ನಾಗಿ ಆರಿಸಿತು. 1683ರಲ್ಲಿ ಅವರು ಹಲ್ಲಿನ ಕೊಳೆಯಲ್ಲಿದ್ದ ಬ್ಯಾಕ್ಟೀರಿಯಾಗಳನ್ನೂ ವರ್ಣಿಸಿದರು.

ಸಿದ್ಧಾಂತಕ್ಕೆ ಒಂದೂಮುಕ್ಕಾಲು ಶತಮಾನ

ಕಂಡದ್ದರ ಅರ್ಥ ತಿಳಿಯಲು ಇನ್ನೂ ಬಹುಕಾಲ ಬೇಕಾಯಿತು. 1831ರಲ್ಲಿ ರಾಬರ್ಟ್ ಬ್ರೌನ್ ಸಸ್ಯಕೋಶದ ಕೇಂದ್ರಕ್ಕೆ ಹೆಸರಿಟ್ಟರು. ಸಸ್ಯಗಳು ಕೋಶಗಳಿಂದಾಗಿವೆಯೆಂದು 1838ರಲ್ಲಿ ಷ್ಲೈಡನ್, ಪ್ರಾಣಿಗಳೂ ಹಾಗೆಯೇ ಎಂದು 1839ರಲ್ಲಿ ಷ್ವಾನ್ ಪ್ರತಿಪಾದಿಸಿದರು. ಕೋಶದಿಂದಲೇ ಕೋಶ ಹುಟ್ಟುತ್ತದೆ ಎಂಬ ತತ್ತ್ವವನ್ನು 1850ರ ದಶಕದಲ್ಲಿ ವಿರ್ಖೋ ಪ್ರಚುರಪಡಿಸಿದರು. ಕ್ಯಾನ್ಸರ್ ಪತ್ತೆಗಾಗಿ ಅಂಗಾಂಶದ ತುಣುಕನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸುವ ಇಂದಿನ ಪದ್ಧತಿ ನಿಂತಿರುವುದು ಇದೇ ತಳಹದಿಯ ಮೇಲೆ.

ಲೀವೆನ್‌ಹಾಕ್ ತಮ್ಮ ಪತ್ರಗಳೊಡನೆ ಕಳುಹಿಸಿದ್ದ ಮಾದರಿಗಳು 1981ರಲ್ಲಿ ರಾಯಲ್ ಸೊಸೈಟಿಯ ಕಡತಗಳಲ್ಲಿ ದೊರೆತವು. ಅವುಗಳಲ್ಲಿ ಕಾರ್ಕ್‌ನ ತೆಳುವಾದ ಸೀಳುಗಳೂ ಇದ್ದವು. ಅವರ ಮಸೂರದ ಗುಟ್ಟಿನ ಒಂದಂಶ ಬಯಲಾದದ್ದು 2021ರಲ್ಲಿ. ಉಪಕರಣವನ್ನು ಬಿಚ್ಚದೆಯೇ ನ್ಯೂಟ್ರಾನ್ ಕಿರಣಗಳಿಂದ ಪರೀಕ್ಷಿಸಿದಾಗ, ಅತಿ ಹೆಚ್ಚು ಹಿಗ್ಗಿಸುವ ಆ ಮಸೂರವು ಗಾಜಿನ ಎಳೆಯನ್ನು ಕರಗಿಸಿ ಮಾಡಿದ ಗುಂಡು ಎಂದು ತಿಳಿದುಬಂತು. ಅಂತಹ ಗುಂಡುಗಳನ್ನು ಮಾಡುವ ಬಗೆಯನ್ನು ಹುಕ್ ಬಹು ಹಿಂದೆಯೇ 'ಮೈಕ್ರೋಗ್ರಾಫಿಯಾ'ದ ಮುನ್ನುಡಿಯಲ್ಲಿ ವಿವರಿಸಿದ್ದರು.