ಕಾಗುಣಿತ ಕಲಿಯುವ ಮನಸ್ಸು

ಕನ್ನಡವನ್ನು ಬರೆದಂತೆಯೇ ಓದುತ್ತೇವೆ, ಆದ್ದರಿಂದ ಅದನ್ನು ಓದಲು ಕಲಿಯುವುದು ಸುಲಭ ಎಂಬ ಮಾತು ಭಾಷಾಭಿಮಾನದ ಸಭೆಗಳಿಂದ ಹಿಡಿದು ಶಿಕ್ಷಕರ ಕೊಠಡಿಯವರೆಗೂ ಹಬ್ಬಿದೆ. ಇದರ ಬೆಲೆ ತೆರುವವರು ಮಕ್ಕಳು. ಮೂರನೇ ತರಗತಿಯಲ್ಲಿ ಒತ್ತಕ್ಷರದ ಮುಂದೆ ತಡವರಿಸುವ ಮಗುವಿಗೆ ದಡ್ಡ ಎಂಬ ಹಣೆಪಟ್ಟಿ ಬೀಳುತ್ತದೆ. ಓದಿಗೂ ಮನಸ್ಸಿಗೂ ಇರುವ ನಂಟನ್ನು ಕನ್ನಡದಲ್ಲಿಯೇ ಪರೀಕ್ಷಿಸಿದ ಸಂಶೋಧನೆ ಬೇರೆಯದನ್ನು ಹೇಳುತ್ತಿದೆ.

ಭಾಷೆ ಮತ್ತು ಮನಸ್ಸಿನ ಚಿಂತನೆ ಹಳೆಯದು. ಮನಸ್ಸು ವಾಕ್ಯವನ್ನು ಇಡಿಯಾಗಿ ಗ್ರಹಿಸುತ್ತದೆ ಎಂದು ಭರ್ತೃಹರಿ ‘ವಾಕ್ಯಪದೀಯ’ದಲ್ಲಿ ವಾದಿಸಿದ್ದ. 1861ರಲ್ಲಿ ಫ್ರೆಂಚ್ ವೈದ್ಯ ಪಾಲ್ ಬ್ರೋಕಾ ಮಾತು ಕಳೆದುಕೊಂಡಿದ್ದ ರೋಗಿಯೊಬ್ಬನ ಮಿದುಳಿನ ಎಡಭಾಗದಲ್ಲಾದ ಹಾನಿಯನ್ನು ತೋರಿಸಿದ. ಭಾಷೆ ಬರೀ ಅಭ್ಯಾಸಬಲದಿಂದ ಬರುವಂಥದ್ದಲ್ಲ ಎಂದು 1959ರಲ್ಲಿ ಭಾಷಾವಿಜ್ಞಾನಿ ಚಾಮ್‌ಸ್ಕಿ ಮನೋವಿಜ್ಞಾನಿ ಸ್ಕಿನ್ನರ್ ಅವರ ಪುಸ್ತಕವನ್ನು ವಿಮರ್ಶಿಸುತ್ತ ಹೇಳಿದರು. ಅಲ್ಲಿಂದ ಬೆಳೆದ ಸಿದ್ಧಾಂತಗಳು ಬಹುಪಾಲು ಇಂಗ್ಲಿಷನ್ನೇ ನೆಚ್ಚಿಕೊಂಡವು. ಕನ್ನಡ ಅಲ್ಲಿ ಸಾಕ್ಷಿ ನುಡಿದ ಅಪರೂಪದ ಸಂದರ್ಭ 2003ರದು. ಕನ್ನಡದ ಮೂರು ವರ್ಷದ ಮಕ್ಕಳು ಕ್ರಿಯಾಪದದ ಪ್ರೇರಣಾರ್ಥಕ ‘ಇಸು’ ಪ್ರತ್ಯಯಕ್ಕಿಂತ ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂಬುದನ್ನು ನಂಬಿ ಅರ್ಥ ಹಿಡಿಯುತ್ತಾರೆ ಎಂದು ಜೆಫ್ರಿ ಲಿಡ್ಜ್ ಮತ್ತು ಗ್ಲೈಟ್‌ಮನ್ ದಂಪತಿ ತೋರಿಸಿದರು.

ಓದಿನ ಅಧ್ಯಯನಕ್ಕೆ ತಿರುವು ಸಿಕ್ಕಿದ್ದು 1979ರಲ್ಲಿ. ಜೋಸೆ ಮೊರೈಸ್ ಮತ್ತು ಸಂಗಡಿಗರು ಪೋರ್ಚುಗಲ್‌ನ ಅನಕ್ಷರಸ್ಥರಿಗೆ ಪದದ ಮೊದಲ ಧ್ವನಿಯೊಂದನ್ನು ಬಿಟ್ಟು ಉಳಿದದ್ದನ್ನು ಹೇಳಲು ಕೇಳಿದರು. ಹೆಚ್ಚಿನವರಿಂದ ಆಗಲಿಲ್ಲ. ದೊಡ್ಡವರಾದ ಮೇಲೆ ಓದು ಕಲಿತವರು ಅದನ್ನು ಬಹುಮಟ್ಟಿಗೆ ಮಾಡಬಲ್ಲವರಾಗಿದ್ದರು. ಮಾತನ್ನು ಬಿಡಿ ಧ್ವನಿಗಳಾಗಿ ಒಡೆದು ನೋಡುವ ಅರಿವು ಓದಿನಿಂದ ಬರುತ್ತದೆ ಎಂದಾಯಿತು. ಆದರೆ ಯಾವ ಲಿಪಿಯ ಓದಿನಿಂದ?

ಇಲ್ಲಿ ನಮ್ಮವರ ಕೆಲಸ ಜಗತ್ತಿಗೆ ಬೇಕಾಯಿತು. 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾತಿನ ತೊಂದರೆಗಳನ್ನು ನಮ್ಮ ಭಾಷೆಗಳಲ್ಲೇ ಅಳೆಯುವ ದಾರಿ ತೆರೆಯಿತು. ಆ ಪರಂಪರೆಯ ಪ್ರತಿಭಾ ಕಾರಂತ್ ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲವರೊಬ್ಬರು ಓದುವ ಶಕ್ತಿ ಕಳೆದುಕೊಂಡ ಪ್ರಕರಣವನ್ನು 1981ರಲ್ಲಿ ಪ್ರಕಟಿಸಿದರು. 1993ರಲ್ಲಿ ಪಿ. ಪ್ರಕಾಶ್, ಕಾರಂತ್ ಮತ್ತು ಸಹೋದ್ಯೋಗಿಗಳು ಇನ್ನೂ ಮುಂದೆ ಹೋದರು. ಕನ್ನಡ ಓದಬಲ್ಲವರು ಪ್ರಾಸ ಗುರುತಿಸಿದರು, ಪದದಿಂದ ಒಂದು ಅಕ್ಷರವನ್ನು ತೆಗೆದು ಹೇಳಿದರು. ಬಿಡಿ ಧ್ವನಿ ತೆಗೆಯುವುದು ಮಾತ್ರ ಅವರಿಗೆ ಕಷ್ಟವಾಯಿತು. ಓದು ಬಲ್ಲವರಿಗೆಲ್ಲ ಧ್ವನಿಯ ಅರಿವು ತಾನಾಗಿ ಬರುತ್ತದೆ ಎಂಬ ನಂಬಿಕೆಯನ್ನು ಇದು ಅಲುಗಿಸಿತು. ಈ ಅಧ್ಯಯನಕ್ಕೆ ನಾಡಿನೊಳಗೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ.

ಮಕ್ಕಳ ಕಲಿಕೆಯ ವೇಗವನ್ನು ತೆರೆದಿಟ್ಟದ್ದು ಸೋನಾಲಿ ನಾಗ್ ಅವರ 2007ರ ಅಧ್ಯಯನ. ಇಂಗ್ಲಿಷ್ ಮಗು ಅಕ್ಷರಮಾಲೆಯನ್ನು ಶಾಲೆಯ ಮೊದಲ ವರ್ಷಗಳಲ್ಲೇ ಮುಗಿಸುತ್ತದೆ. ಕನ್ನಡದ ಮಗುವಿಗೆ ಅಕ್ಷರಜ್ಞಾನ ಗಟ್ಟಿಯಾಗಲು ನಾಲ್ಕನೇ ತರಗತಿಯವರೆಗೂ ಬೇಕಾಗಬಹುದು. ಕಾರಣ ಲಿಪಿಯಲ್ಲೇ ಇದೆ. 34 ವ್ಯಂಜನಗಳಿಗೆ 13 ಸ್ವರಗಳು ಸೇರಿದರೆ 442 ಗುಣಿತಾಕ್ಷರಗಳು. ಒತ್ತಕ್ಷರಗಳು ಇದರ ಮೇಲೆ. ‘ಶಕ್ತಿ’ ಎಂದು ಬರೆಯುವಾಗ ಗುಡಿಸು ಕೂರುವುದು ‘ಕ’ದ ನೆತ್ತಿಯ ಮೇಲೆ, ಕೇಳುವುದು ‘ತ’ದ ನಂತರ. ‘ಸೂರ್ಯ’ದಲ್ಲಿ ಮೊದಲು ನುಡಿಯುವ ‘ರ್’ ಅರ್ಕಾವತ್ತಾಗಿ ‘ಯ’ದ ಬಲಕ್ಕೆ ಸರಿಯುತ್ತದೆ. ಕಣ್ಣು ಕಂಡ ಕ್ರಮವನ್ನು ಕಿವಿಯ ಕ್ರಮಕ್ಕೆ ತಿರುಗಿಸಿಕೊಳ್ಳುವ ಈ ಕೆಲಸವನ್ನು ಪುಟ್ಟ ಮನಸ್ಸು ಓದುವ ವೇಗದಲ್ಲೇ ಮಾಡಬೇಕು. ‘ಬರೆದಂತೆ ಓದು’ ಎಂಬ ಸೂತ್ರದಲ್ಲಿ ಈ ಶ್ರಮದ ಲೆಕ್ಕವೇ ಇಲ್ಲ.

ಇನ್ನು ಆಗಬೇಕಾದದ್ದು ಬಹಳ. ಮನೆಯಲ್ಲಿ ತುಳು, ಕೊಂಕಣಿ, ಉರ್ದು, ಲಂಬಾಣಿ ಆಡುವ ಮಗು ಶಾಲೆಯಲ್ಲಿ ಕನ್ನಡ ಓದುವಾಗ ಧ್ವನಿ, ಪದ, ಅರ್ಥಗಳನ್ನು ಹೇಗೆ ಹೊಂದಿಸಿಕೊಳ್ಳುತ್ತದೆ ಎಂಬುದಕ್ಕೆ ದೊಡ್ಡ ಪ್ರಮಾಣದ ಅಧ್ಯಯನ ಬೇಕು. ಕಲಬುರಗಿಯ ಮನೆಮಾತಿಗೂ ಪಠ್ಯದ ಕನ್ನಡಕ್ಕೂ ಇರುವ ಅಂತರವನ್ನೂ ಅಳೆಯಬೇಕು. ಡಿಸ್ಲೆಕ್ಸಿಯಾ ಪತ್ತೆಗೆ ಇಂಗ್ಲಿಷ್ ಮಾದರಿಯ ಧ್ವನಿ ಪರೀಕ್ಷೆಯನ್ನೇ ಅನುವಾದಿಸಿ ಬಳಸಿದರೆ, ಸಹಜವಾಗಿ ಕಲಿಯುತ್ತಿರುವ ಮಗುವನ್ನೂ ದೋಷಿಯನ್ನಾಗಿ ಮಾಡುತ್ತೇವೆ. ಇಷ್ಟು ವರ್ಷಗಳ ಫಲಿತಾಂಶಗಳು ಹೆಚ್ಚಾಗಿ ಇಂಗ್ಲಿಷ್ ಪತ್ರಿಕೆಗಳಲ್ಲೇ ಉಳಿದಿವೆ. ಕಾಗುಣಿತ, ಒತ್ತಕ್ಷರಗಳ ಕಲಿಕೆಗೆ ನಾಲ್ಕನೇ ತರಗತಿಯವರೆಗೆ ಸಮಯ ಕೊಡುವ ಪಠ್ಯಕ್ರಮ ಮತ್ತು ಈ ಸಂಶೋಧನೆಯನ್ನು ಕನ್ನಡದಲ್ಲಿ ಹೇಳಿಕೊಡುವ ಶಿಕ್ಷಕ ತರಬೇತಿ, ಇವೆರಡೂ ಓದು ಮತ್ತು ಮನಸ್ಸಿನ ಅಧ್ಯಯನದ ನಮ್ಮ ಕ್ಷೇತ್ರ ಕನ್ನಡದ ಮಕ್ಕಳಿಗೆ ಸಲ್ಲಿಸಬೇಕಾದ ಬಾಕಿ.