ಕನ್ನಡ ಕ್ರೈಸ್ತರಲ್ಲಿ ಮಕ್ಕಳ ಭಾವಶಿಕ್ಷಣ: ಹೃದಯದರ್ಪಣದಿಂದ ಹಾರೋಬೆಲೆಯ ಮಹಿಮೆಯವರೆಗೆ

ಮಕ್ಕಳಿಗೆ ಅಕ್ಷರ ಗಣಿತಗಳೊಡನೆ ಅವರವರ ಭಾವಗಳ ಪರಿಚಯವನ್ನೂ ಮಾಡಿಕೊಡುವುದು ಶಾಲೆಯ ಕರ್ತವ್ಯವೆಂಬ ಮಾತು ಈಚೆಗೆ ಬಹಳವಾಗಿ ಕೇಳಿಬರುತ್ತಿದೆ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಬೌದ್ಧಿಕ ಸಾಮರ್ಥ್ಯದ ಜೊತೆಗೆ ಸಾಮಾಜಿಕ ಹಾಗೂ ಭಾವನಾತ್ಮಕ ಸಾಮರ್ಥ್ಯಗಳನ್ನು ಹೆಸರಿಸಿದೆ. ಹೆಸರು ಹೊಸದಾದರೂ ವಸ್ತು ಹೊಸದಲ್ಲ. ಸಿಟ್ಟು, ಹೊಟ್ಟೆಕಿಚ್ಚು, ಅಳಲು, ಅಂಜಿಕೆ ಇವುಗಳ ವಿಷಯವಾಗಿ ಮಕ್ಕಳಿಗೆ ಏನು ಹೇಳಬೇಕೆಂಬ ಪ್ರಶ್ನೆಗೆ ಪ್ರತಿಯೊಂದು ಮತಸಂಪ್ರದಾಯವೂ ತನ್ನದೇ ಆದ ಉತ್ತರವನ್ನು ಕೊಡುತ್ತ ಬಂದಿದೆ. ಕನ್ನಡ ನಾಡಿನ ಕ್ರೈಸ್ತ ಸಂಪ್ರದಾಯವು ಕೊಟ್ಟ ಉತ್ತರವೇನೆಂಬುದನ್ನು ಪ್ರಸ್ತುತ ಲೇಖನದಲ್ಲಿ ವಿಚಾರಮಾಡಬೇಕೆಂದಿದ್ದೇವೆ. ಆ ಉತ್ತರ ಒಂದಲ್ಲ, ಎರಡು; ಅವೆರಡೂ ಒಂದಕ್ಕೊಂದು ಪೂರ್ತಿಯಾಗಿ ಹೊಂದುವುವೂ ಅಲ್ಲ ಎಂಬುದು ನಮ್ಮ ಅಭಿಪ್ರಾಯ.

ಮೊದಲನೆಯದು ಚಿತ್ರದ ಮೂಲಕ ಬಂದುದು. ಬವೇರಿಯದ ಯೋಹಾನ್ನೆಸ್ ಗಾಸ್ನರ್ (೧೭೭೩–೧೮೫೮) ಎಂಬಾತನು ಕಥೋಲಿಕ ಪಾದ್ರಿಯಾಗಿದ್ದಾಗಲೇ, ೧೮೧೨ರಲ್ಲಿ, ಮನುಷ್ಯನ ಹೃದಯವು ಒಂದೋ ದೇವರ ಗುಡಿ, ಇಲ್ಲವೇ ಸೈತಾನನ ಕಾರ್ಯಾಗಾರ ಎಂಬ ಅರ್ಥದ ಹೆಸರಿಟ್ಟು ಹತ್ತು ಚಿತ್ರಗಳ ಒಂದು ಸಣ್ಣ ಪುಸ್ತಕವನ್ನು ಹೊರಡಿಸಿದನು. ಅದರ ಮೂಲ ಅವನಿಗಿಂತಲೂ ಹಳೆಯದು. ಹಿಂದಿನ ಶತಮಾನದ ಒಂದು ಕಥೋಲಿಕ ಚಿತ್ರಪುಸ್ತಕವನ್ನು ಆತನು ತಿದ್ದಿ ಬೆಳೆಸಿದನು. ಮುಂದೆ ೧೮೨೬ರಲ್ಲಿ ಗಾಸ್ನರನು ಪ್ರೊಟೆಸ್ಟಂಟ್ ಸಭೆಯನ್ನು ಸೇರಿದಾಗ ಪುಸ್ತಕವೂ ಅವನ ಹಿಂದೆಯೇ ಸಾಗಿ ಎರಡು ಪಂಗಡಗಳಿಗೂ ಬೇಕಾದುದಾಯಿತು. ಜರ್ಮನ್ ಮಿಷನರಿಗಳು ಎಲ್ಲಿಗೆ ಹೋದರೂ ಇದು ಅವರ ಗಂಟಿನಲ್ಲಿ ಇರುತ್ತಿತ್ತು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದುದು ೧೮೩೪ರಲ್ಲಿ. ಅವರ ಮುದ್ರಣಾಲಯ ಆರಂಭವಾದುದು ೧೮೪೧ರಲ್ಲಿ. ಆ ಮುದ್ರಣಾಲಯದಿಂದ ೧೯ನೆಯ ಶತಮಾನದಲ್ಲಿ ಈ ಪುಸ್ತಕವು 'ಹೃದಯ ದರ್ಪಣ' ಎಂಬ ಹೆಸರಿನಲ್ಲಿ ಕನ್ನಡಿಗರ ಕೈಗೆ ಬಂದಿತು.

ಇದು ಮಕ್ಕಳಿಗಾಗಿಯೇ ಬರೆದುದಲ್ಲ. ಆದರೂ ಓದುಬಾರದವನು ನೋಡಿ ತಿಳಿಯುವಂತೆ ರಚಿತವಾದ ಪುಸ್ತಕವಾದ್ದರಿಂದ ಹಿರಿಯ ನಿರಕ್ಷರಿಗೂ ಕಿರಿಯ ಬಾಲಕನಿಗೂ ಒಂದೇ ಸಮನಾಗಿ ಒದಗಿತು. ಮೊದಲ ಚಿತ್ರದಲ್ಲಿ ಒಂದು ದೊಡ್ಡ ಹೃದಯ. ಅದರ ಮೇಲೆ ಒಂದು ಮುಖ. ಹೃದಯದ ನಡುವೆ ಸೈತಾನನು ಕುಳಿತಿದ್ದಾನೆ. ಅವನ ಸುತ್ತ ಏಳು ಪ್ರಾಣಿಗಳು: ಗರ್ವಕ್ಕೆ ನವಿಲು, ಕಾಮಕ್ಕೆ ಹೋತ, ಹೊಟ್ಟೆಬಾಕತನಕ್ಕೆ ಹಂದಿ, ಲೋಭಕ್ಕೆ ನೆಲಗಪ್ಪೆ, ಮತ್ಸರಕ್ಕೆ ಹಾವು, ಕೋಪಕ್ಕೆ ಹುಲಿ, ಸೋಮಾರಿತನಕ್ಕೆ ಆಮೆ. ಮುಂದಿನ ಚಿತ್ರಗಳಲ್ಲಿ ದೇವರ ಬೆಳಕು ಹೃದಯವನ್ನು ಹೊಕ್ಕಂತೆ ಈ ಪ್ರಾಣಿಗಳು ಒಂದೊಂದಾಗಿ ಹೊರಗೆ ಓಡುತ್ತವೆ. ಮೇಲಿನ ಮುಖದ ಕಳೆಯೂ ಬದಲಾಗುತ್ತದೆ. ಮೈಮರೆತವನ ಹೃದಯಕ್ಕೆ ಅವು ಮರಳಿ ಬರುವ ಚಿತ್ರವೂ ಉಂಟು. ಕೊನೆಯಲ್ಲಿ ಒಳ್ಳೆಯವನ ಮರಣ ಮತ್ತು ಕೆಟ್ಟವನ ಮರಣ.

ಬೋಧನೆಯ ಸಾಧನವಾಗಿ ನೋಡಿದರೆ ಇದರ ಜಾಣ್ಮೆಯನ್ನು ಒಪ್ಪಲೇಬೇಕು. ಕಣ್ಣಿಗೆ ಕಾಣದ ಕೋಪಕ್ಕೆ ಪಟ್ಟೆಪಟ್ಟೆಯ ಮೈ ಬಂದಾಗ ಬಾಲಕನು ಅದನ್ನು ಬೆರಳಿಟ್ಟು ತೋರಿಸಬಲ್ಲನು. 'ನಾನು ಕೆಟ್ಟವನು' ಎನ್ನುವ ಬದಲು 'ನನ್ನೊಳಗೆ ಹುಲಿ ಬಂದಿದೆ' ಎನ್ನಬಲ್ಲನು. ಭಾವಕ್ಕೂ ಭಾವಿಸುವವನಿಗೂ ನಡುವೆ ಇಷ್ಟು ಎಡೆಯನ್ನು ಕಲ್ಪಿಸಿಕೊಡುವುದು ಸಾಮಾನ್ಯವಾದ ಕೆಲಸವಲ್ಲ. ಆದರೆ ಯೂರೋಪಿನ ಈ ಪ್ರಾಣಿಗಳು ತುಳುನಾಡಿನ ಮಕ್ಕಳ ಕಣ್ಣಿಗೆ ಹೇಗೆ ಕಂಡಿರಬೇಕೆಂಬುದನ್ನೂ ಯೋಚಿಸಬೇಕು. ಬನದಲ್ಲಿ ನಾಗನಿಗೆ ತನು ಎರೆಯುವ ನೆಲದಲ್ಲಿ ಹಾವು ಮತ್ಸರದ ಮೂರ್ತಿಯಾಗಿ ಬಂದು ನಿಂತಿತು. ನವಿಲು ಸುಬ್ರಹ್ಮಣ್ಯನ ವಾಹನ. ಆಮೆಯಂತೂ ಇಂದ್ರಿಯಗಳನ್ನು ಒಳಕ್ಕೆ ಎಳೆದುಕೊಳ್ಳುವ ಜ್ಞಾನಿಗೆ ಗೀತೆಯಲ್ಲಿಯೇ ಉಪಮಾನ. ಇಲ್ಲಿ ಅದು ಬರಿಯ ಸೋಮಾರಿ. ಹೊಸ ಮತವನ್ನು ಸೇರಿದ ಮನೆಯ ಮಗುವಿಗೆ ಈ ಚಿತ್ರವು ಒಳಗಿನ ಭಾವದ ಪಾಠದೊಡನೆ ಹೊರಗಿನ ನೆರೆಹೊರೆಯ ಪಾಠವನ್ನೂ ಹೇಳದೆ ಇದ್ದೀತೆ?

ಶಬ್ದಗಳ ಮಟ್ಟಿಗೆ ಮಾತ್ರ ಅನುವಾದಕರಿಗೆ ದಾರಿ ಮೊದಲೇ ಹಸನಾಗಿತ್ತು. ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರ ಎಂಬ ಅರಿಷಡ್ವರ್ಗವನ್ನು ವಚನಕಾರರೂ ಹರಿದಾಸರೂ ಮನೆಮಾತಾಗಿಸಿದ್ದರು. ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಐದು ಹೊಂದುತ್ತವೆ. ಹಂದಿಗೂ ಆಮೆಗೂ ನಮ್ಮ ಪಟ್ಟಿಯಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ನಮ್ಮ ಮೋಹಕ್ಕೆ ಅವರಲ್ಲಿ ಪ್ರಾಣಿಯಿಲ್ಲ. ಈ ಕೊನೆಯ ವ್ಯತ್ಯಾಸ ಸಣ್ಣದಲ್ಲ. ತಾಯಿ ಮಗುವನ್ನು, ಮಗು ತಾಯಿಯನ್ನು ಬಿಡಲಾರದ ಕಟ್ಟನ್ನು ಕನ್ನಡವು ಮೋಹವೆಂದು ಕರೆದು ಶತ್ರುಗಳ ಸಾಲಿನಲ್ಲಿ ನಿಲ್ಲಿಸಿತ್ತು. ಗಾಸ್ನರನ ಹೃದಯದಲ್ಲಿ ಅದು ಪಾಪವಾಗಿ ಕಾಣಿಸಿಕೊಳ್ಳುವುದಿಲ್ಲ.

ಎರಡು ಪಟ್ಟಿಗಳಲ್ಲಿಯೂ ಇಲ್ಲದ ಒಂದು ಭಾವವಿದೆ. ಅದು ದುಃಖ. ಕ್ರೈಸ್ತರ ಪಟ್ಟಿಯಲ್ಲಿ ಅದು ಮೊದಲಿನಿಂದಲೂ ಇರಲಿಲ್ಲವೆಂದಲ್ಲ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸು ಮಾಡುತ್ತಿದ್ದ ಇವಾಗ್ರಿಯಸ್ ಎಂಬ ಸಂನ್ಯಾಸಿಯು ಎಂಟು ದುಷ್ಟಚಿಂತನೆಗಳನ್ನು ಎಣಿಸಿದಾಗ ಅವುಗಳಲ್ಲಿ ದುಃಖವೂ ಒಂದಾಗಿತ್ತು. ಆರನೆಯ ಶತಮಾನದ ಕೊನೆಗೆ ಪೋಪ್ ಗ್ರೆಗೊರಿಯು ಪಟ್ಟಿಯನ್ನು ತಿದ್ದಿದಾಗಲೂ ಅದು ಉಳಿದಿತ್ತು. ಅನಂತರದ ಶತಮಾನಗಳಲ್ಲಿ ಅದು ಆಲಸ್ಯದಲ್ಲಿ ಕರಗಿಹೋಗಿ, ಏಳು ಮೂಲಪಾಪಗಳ ಈಗಿನ ಪಟ್ಟಿ ನಿಂತಿತು. ಹೀಗೆ ದುಃಖವಿದ್ದ ಜಾಗದಲ್ಲಿ ಆಮೆ ಬಂದು ಕುಳಿತಿತು. ದುಃಖವು ಪಾಪವೆಂಬ ಅಪವಾದದಿಂದ ಬಿಡುಗಡೆ ಹೊಂದಿದ್ದು ಒಳ್ಳೆಯದೇ. ಆದರೆ ಅದರೊಡನೆ ಹೃದಯದ ಚಿತ್ರದಿಂದಲೇ ಅದು ಮರೆಯಾಯಿತು.

ಇದರಿಂದಾದ ಕೊರತೆ ಎಷ್ಟೆಂಬುದನ್ನು ತಿಳಿಯಲು ೧೮೭೬–೭೮ರ ಮಹಾಕ್ಷಾಮವನ್ನು ನೆನೆಯಬೇಕು. ಮೈಸೂರು ಸಂಸ್ಥಾನದಲ್ಲಿಯೂ ಬಳ್ಳಾರಿ, ಧಾರವಾಡ ಸೀಮೆಗಳಲ್ಲಿಯೂ ಲಕ್ಷಾಂತರ ಜನ ಮಡಿದರು. ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳಿಗಾಗಿ ಮಿಷನ್ನುಗಳು ಅನಾಥಾಲಯಗಳನ್ನು ತೆರೆದವು. ಅಲ್ಲಿಗೆ ಬಂದ ಬಾಲಕನಿಗೆ ನವಿಲಿನ ಗರ್ವವಾಗಲಿ ನೆಲಗಪ್ಪೆಯ ಲೋಭವಾಗಲಿ ಎಷ್ಟು ಇದ್ದೀತು? ಅವನಲ್ಲಿ ತುಂಬಿದ್ದುದಕ್ಕೆ ಆ ಚಿತ್ರದಲ್ಲಿ ಆಕಾರವೇ ಇರಲಿಲ್ಲ. ಪುಸ್ತಕದ ಕೊನೆಯಲ್ಲಿರುವ ಕೆಟ್ಟವನ ಮರಣದ ಚಿತ್ರವು ಭಯವನ್ನು ಕಲಿಸಬಲ್ಲದು. ಸಾವನ್ನು ಕಣ್ಣಾರೆ ಕಂಡು ಬಂದವನಿಗೆ ಭಯದ ಪಾಠ ಬೇಕಾಗಿರಲಿಲ್ಲ. ಮಕ್ಕಳಿಗೆ ಭಯವನ್ನು ಗುರುವನ್ನಾಗಿ ನೇಮಿಸಿದ್ದು ಆ ಕಾಲದ ಬೋಧಕರಲ್ಲಿ ಕಂಡುಬರುವ ದೊಡ್ಡ ದೋಷವೆಂದೇ ನಾವು ಎಣಿಸುತ್ತೇವೆ. ಅದು ಕ್ರೈಸ್ತರಲ್ಲಿ ಮಾತ್ರವೇ ಇದ್ದುದಲ್ಲ. ನಮ್ಮ ಕೂಲಿಮಠಗಳ ಕೋದಂಡವನ್ನು ಬಲ್ಲವರು ಈ ವಿಷಯದಲ್ಲಿ ಹೆಚ್ಚು ಮಾತನಾಡಲಾರರು.

ದುಃಖದ ಪಾಠ ಬೇರೆ ದಾರಿಯಿಂದ ಬಂದಿತು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸನು ಆರಂಭಿಸಿದ ಕನ್ನಡ ಬೈಬಲಿನ ಕೆಲಸವು ೧೮೩೧ರ ಹೊತ್ತಿಗೆ ಮುಗಿದಿತ್ತು. ಬೈಬಲಿನಲ್ಲಿರುವ ನೂರೈವತ್ತು ಸ್ತುತಿಪದ್ಯಗಳಿಗೆ ಕನ್ನಡದಲ್ಲಿ 'ಕೀರ್ತನೆಗಳು' ಎಂದು ಹೆಸರು ನಿಂತಿತು. ಅದು ಹರಿದಾಸರ ಮಾತು. ಆ ನೂರೈವತ್ತರಲ್ಲಿ ಹೆಚ್ಚುಕಡಮೆ ಮೂರರಲ್ಲಿ ಒಂದು ಪಾಲು ಅಳಲಿನವು. ದೇವರನ್ನೇ ನಿಲ್ಲಿಸಿ ಏಕೆ ಕೈಬಿಟ್ಟೆಯೆಂದು ಕೇಳುವಂಥವು. ದೇವರೊಡನೆ ಜಗಳವಾಡುವ ದಾಸರ ಪದಗಳನ್ನು ಕೇಳಿದ್ದ ಕಿವಿಗೆ ಇದು ಪರಕೀಯವೆನಿಸಿರಲಾರದು. ಫರ್ಡಿನೆಂಡ್ ಕಿಟ್ಟೆಲನು ೧೮೬೨ರಲ್ಲಿ ಕ್ರಿಸ್ತನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ಬರೆದುದಕ್ಕೂ ಇದೇ ತಿಳಿವಳಿಕೆ ಕಾರಣವಾಗಿರಬೇಕು. ಕನ್ನಡದ ಮಗು ಕರುಣವನ್ನು ಕಲಿಯುತ್ತಿದ್ದುದು ಉಪದೇಶದಿಂದಲ್ಲ. ಚಂದ್ರಮತಿಯ ಪ್ರಲಾಪವನ್ನೋ ಕಾಡಿನಲ್ಲಿ ಒಬ್ಬಂಟಿಯಾದ ಸೀತೆಯ ಪಾಡನ್ನೋ ಯಾರಾದರೂ ರಾಗವಾಗಿ ಓದಿದಾಗ. ಬಾಸೆಲ್ ಮಿಷನ್ನಿನ ಮೊಗ್ಲಿಂಗನೇ ಜೈಮಿನಿ ಭಾರತವನ್ನು ಅಚ್ಚು ಹಾಕಿಸಿದವರಲ್ಲಿ ಒಬ್ಬನೆಂಬುದನ್ನು ಇಲ್ಲಿ ಮರೆಯಬಾರದು.

ಕ್ರೈಸ್ತ ಚಿಂತನೆಯಲ್ಲಿಯೇ ಈ ಎರಡನೆಯ ದಾರಿಗೆ ಪ್ರಾಚೀನವಾದ ಆಧಾರವಿದೆ. ಭಾವಗಳನ್ನು ಕಿತ್ತೆಸೆಯುವುದೇ ವಿವೇಕವೆಂದು ಹೇಳುತ್ತಿದ್ದ ಸ್ಟೋಯಿಕರಿಗೆ ಸಂತ ಅಗಸ್ಟೀನನು (೩೫೪–೪೩೦) ಕೊಟ್ಟ ಉತ್ತರ ಪ್ರಸಿದ್ಧವಾದುದು. ಭಕ್ತನು ಸಿಟ್ಟಾದನೇ, ಅತ್ತನೇ ಎಂಬುದು ಅವನ ಪ್ರಶ್ನೆಯಲ್ಲ, ಯಾತಕ್ಕಾಗಿ ಎಂಬುದು. ಲಾಜರನ ಸಮಾಧಿಯ ಬಳಿ ಕ್ರಿಸ್ತನೇ ಕಣ್ಣೀರಿಟ್ಟನೆಂದು ಯೋಹಾನನ ಸುವಾರ್ತೆ ಹೇಳುವಾಗ ದುಃಖವನ್ನು ಹೃದಯದಿಂದ ಅಟ್ಟಬೇಕಾದ ಮೃಗವೆಂದು ಬಗೆಯುವುದು ಹೇಗೆ? ಮರುಭೂಮಿಯ ಸಂನ್ಯಾಸಿಯ ದಾರಿ ಭಾವವನ್ನು ಹೊರಗಟ್ಟುವುದು. ಅಗಸ್ಟೀನನ ದಾರಿ ಅದಕ್ಕೆ ತಕ್ಕ ವಿಷಯವನ್ನು ಒದಗಿಸುವುದು.

ಈ ಎರಡನೆಯ ದಾರಿಯನ್ನು ಕಣ್ಣಿನಿಂದ ಕಾಣಬಯಸುವವರು ಬೆಂಗಳೂರಿನಿಂದ ಕನಕಪುರದ ರಸ್ತೆಯನ್ನು ಹಿಡಿಯಬೇಕು. ದಾರಿಯಲ್ಲಿ ಹಾರೋಹಳ್ಳಿ ಸಿಕ್ಕುತ್ತದೆ; ಈಗ ಅದು ಕೈಗಾರಿಕಾ ಪ್ರದೇಶವೆಂದೇ ಹೆಸರಾದ ಊರು. ಅದನ್ನೂ ಕನಕಪುರವನ್ನೂ ದಾಟಿ ಹೋದರೆ ಅರ್ಕಾವತಿಯ ದಂಡೆಯ ಸೀಮೆಯಲ್ಲಿ ಹಾರೋಬೆಲೆ. (ಎರಡು ಹೆಸರುಗಳಲ್ಲಿಯೂ 'ಹಾರುವ' ಶಬ್ದವಿರುವಂತೆ ತೋರುತ್ತದೆ, ಅದರ ಚರ್ಚೆ ಸ್ಥಳನಾಮಗಳ ಅಭ್ಯಾಸಿಗಳಿಗಿರಲಿ.) ಹಾರೋಬೆಲೆ ಕನ್ನಡ ಕಥೋಲಿಕರ ಹಳೆಯ ಊರು. ೧೭ನೆಯ ಶತಮಾನದ ನಡುವಿನಲ್ಲಿ ಇಟಲಿಯ ಲಿಯೊನಾರ್ಡೊ ಚಿನ್ನಮಿಯು ಶ್ರೀರಂಗಪಟ್ಟಣದಲ್ಲಿ ನೆಲೆಗೊಳಿಸಿದ ಜೆಸುಯಿಟ್ ಮಿಷನ್ನಿನ ಕಾಲಕ್ಕೆ ಈ ಸೀಮೆಯ ಕ್ರೈಸ್ತರ ಪರಂಪರೆಯು ತನ್ನ ಮೂಲವನ್ನು ಒಯ್ಯುತ್ತದೆ. ಚಿನ್ನಮಿಯು ಕನ್ನಡವನ್ನು ಕಲಿತು ಕನ್ನಡದಲ್ಲಿ ಧರ್ಮೋಪದೇಶದ ಗ್ರಂಥವನ್ನು ರಚಿಸಿದವನು. ಇಲ್ಲಿನ ಕಪಾಲಬೆಟ್ಟದಲ್ಲಿ ಕ್ರಿಸ್ತನ ದೊಡ್ಡ ವಿಗ್ರಹವೊಂದನ್ನು ನಿಲ್ಲಿಸುವ ಸಂಬಂಧವಾಗಿ ೨೦೧೯ರ ಡಿಸೆಂಬರಿನಿಂದ ಎದ್ದ ವಿವಾದವು ಪತ್ರಿಕೆಗಳ ಓದುಗರಿಗೆ ತಿಳಿದದ್ದೇ. ಅದು ಪ್ರಕೃತ ವಿಷಯವಲ್ಲ.

ಇಲ್ಲಿಯೂ ಪಟ್ಟಿಯ ಪಾಠ ಇಲ್ಲದಿರಲಿಲ್ಲ. ಜ್ಞಾನೋಪದೇಶದ ಪಾಠಗಳಲ್ಲಿ ಏಳು ಮೂಲಪಾಪಗಳನ್ನು ಮಕ್ಕಳು ಬಾಯಿಪಾಠ ಮಾಡುವುದು ಎಲ್ಲ ಕಥೋಲಿಕರಲ್ಲಿಯೂ ಇದ್ದ ರೂಢಿ. ೧೯೧೦ರಲ್ಲಿ ಹತ್ತನೆಯ ಪಯಸ್ ಪೋಪನು ಸುಮಾರು ಏಳು ವರ್ಷಕ್ಕೇ ಮಕ್ಕಳು ಪಾಪನಿವೇದನೆಗೂ ಪರಮಪ್ರಸಾದಕ್ಕೂ ಅರ್ಹರೆಂದು ಆಜ್ಞೆ ಹೊರಡಿಸಿದ ಮೇಲೆ, ಅಷ್ಟು ಎಳೆಯ ವಯಸ್ಸಿನಲ್ಲಿ ತನ್ನ ಮನಸ್ಸನ್ನು ತಾನೇ ಹುಡುಕಿ ನೋಡುವ ಅಭ್ಯಾಸವು ಲೋಕದ ಕಥೋಲಿಕ ಮಕ್ಕಳಿಗೆಲ್ಲ ಬಂದಿತು. ಆದರೆ ಹಾರೋಬೆಲೆಯ ಮಕ್ಕಳಿಗೆ ಇನ್ನೊಂದು ಪಾಠಶಾಲೆಯೂ ಇದೆ. ಕ್ರಿಸ್ತನ ಯಾತನೆ, ಮರಣ, ಪುನರುತ್ಥಾನಗಳ ಕಥೆಯನ್ನು ಊರವರೇ ಪಾತ್ರಧಾರಿಗಳಾಗಿ ಆಡುವ 'ಮಹಿಮೆ' ಎಂಬ ನಾಟಕ ಅಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಜರ್ಮನಿಯ ಓಬೆರಮ್ಮರ್‌ಗೌ ಎಂಬ ಹಳ್ಳಿಯವರು ಪಿಡುಗಿನಿಂದ ಪಾರಾಗಲು ೧೬೩೩ರಲ್ಲಿ ಹರಕೆ ಹೊತ್ತು, ೧೬೩೪ರಿಂದ ಆಡುತ್ತಿರುವ ಯಾತನಾನಾಟಕದ ಹೆಸರು ವಿದ್ವಾಂಸರಿಗೆ ಗೊತ್ತು. ಕನಕಪುರದ ಬಳಿಯ ಈ ನಾಟಕದ ಹೆಸರು ನಮ್ಮ ರಂಗಭೂಮಿಯ ಚರಿತ್ರೆಗಳಲ್ಲಿ ದುರ್ಲಭ.

ಹೃದಯದರ್ಪಣದ ಚಿತ್ರವನ್ನು ನೋಡುವ ಬಾಲಕನು ತನ್ನ ಒಳಗನ್ನು ಒಬ್ಬನೇ ನೋಡಿಕೊಳ್ಳಬೇಕು. ಮಹಿಮೆಯನ್ನು ನೋಡುವವನ ಪಕ್ಕದಲ್ಲಿ ತಾಯಿಯಿದ್ದಾಳೆ, ಅಜ್ಜಿಯಿದ್ದಾಳೆ, ಊರಿದೆ. ಮಗನ ದೇಹವನ್ನು ಕಾಣುವ ಮರಿಯಮ್ಮನ ದುಃಖಕ್ಕೆ ಹಿರಿಯರ ಕಣ್ಣು ತುಂಬುವುದನ್ನು ಮಗು ನೋಡುತ್ತದೆ. ಅಳುವುದು ನಾಚಿಕೆಯಲ್ಲವೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ದುಃಖಕ್ಕೆ ಒಂದು ಕಾಲ, ಒಂದು ಬಯಲು, ಒಂದು ಕೊನೆ ಇವು ಮೂರೂ ಇವೆ; ಏಕೆಂದರೆ ಕಥೆ ಸಮಾಧಿಯಲ್ಲಿ ನಿಲ್ಲುವುದಿಲ್ಲ.

ಇನ್ನೂ ಸೂಕ್ಷ್ಮವಾದ ಒಂದು ಪಾಠ ಅದೇ ಕಥೆಯಲ್ಲಿದೆ. ಯೂದನು ಗುರುವನ್ನು ಹಣಕ್ಕಾಗಿ ಹಿಡಿದುಕೊಟ್ಟನು; ಪೇತ್ರನು ಅಂಜಿ, ಅವನನ್ನು ತಾನರಿಯೆನೆಂದು ಮೂರು ಸಲ ಸುಳ್ಳಾಡಿದನು. ಇಬ್ಬರೂ ಮಾಡಿದ್ದಕ್ಕೆ ಪರಿತಪಿಸಿದರು. ಒಬ್ಬನ ತಾಪ ಅವನನ್ನು ನೇಣಿಗೆ ಒಯ್ದಿತು. ಇನ್ನೊಬ್ಬನು ಹೊರಗೆ ಹೋಗಿ ಅತ್ತನು, ಬದುಕಿದನು. ಕನ್ನಡದಲ್ಲಿ 'ಪಶ್ಚಾತ್ತಾಪ' ಎಂದರೆ ಶಬ್ದಶಃ ಹಿಂದಿನಿಂದ ಬರುವ ಸುಡುವಿಕೆ. ಗ್ರೀಕ್ ಮೂಲದ ಮಾತಿಗೆ ಅರ್ಥ ಅದಲ್ಲ, ಮನಸ್ಸು ತಿರುಗುವುದು ಎಂದು. ಕ್ರೈಸ್ತ ಕನ್ನಡವು ಅದಕ್ಕಾಗಿ 'ಮಾನಸಾಂತರ' ಎಂಬ ಮಾತನ್ನು ಬಳಕೆಗೆ ತಂದಿತು. ಸುಡುವುದಕ್ಕೂ ತಿರುಗುವುದಕ್ಕೂ ಇರುವ ಭೇದವನ್ನು ಏಳು ವರ್ಷದ ಮಗುವಿಗೆ ವ್ಯಾಖ್ಯಾನಮಾಡಿ ಹೇಳುವುದು ಪಂಡಿತರಿಗೂ ಕಷ್ಟ. ಹಾರೋಬೆಲೆಯಂಥ ಊರಿನಲ್ಲಿ ಆ ಇಬ್ಬರೂ ಪರಿಚಿತರೇ, ನೆರೆಮನೆಯ ಯಾರೋ ವೇಷ ಕಟ್ಟಿದವರು. ಈ ಸೀಮೆಯ ಹಳೆಯ ಕಥೋಲಿಕರಲ್ಲಿ ಪೌಲನು ಚಿನ್ನಪ್ಪನಾದಂತೆ, ಇಗ್ನೇಷಿಯಸನು ಇನ್ನಾಸಪ್ಪನಾದಂತೆ, ಪೇತ್ರನು ರಾಯಪ್ಪನಾಗಿದ್ದಾನೆ. ರಾಯಪ್ಪನೆಂದೇ ಹೆಸರಿಟ್ಟುಕೊಂಡ ಹುಡುಗನೊಬ್ಬನು ಬಯಲಿನಲ್ಲಿ ಕುಳಿತು, ತನ್ನ ಹೆಸರಿನವನು ಕೋಳಿ ಕೂಗಿದಾಗ ಅಳುವುದನ್ನು ನೋಡುತ್ತಿರಬಹುದು.